ಮಗು ಸ್ಟ್ರಾಲರ್‌ನಲ್ಲಿ ಕೂರೊಲ್ಲ ಅಂತ ಸೆಟೆದುಕೊಂಡಾಗ

ನನ್ನ ಮಗಳಿಗೆ ಆಗ ಹದಿನಾಲ್ಕು ತಿಂಗಳು. ಹಿಂದಿನ ವಾರದವರೆಗೂ ಸ್ಟ್ರಾಲರ್‌ನಲ್ಲಿ ಕಾಲು ಕುಣಿಸುತ್ತಾ ಕೂರುತ್ತಿದ್ದವಳು ಆ ಬೆಳಗ್ಗೆ ಸೀಟಿಗೆ ಇಳಿಸಲು ಹೋದಕೂಡಲೇ ಬೆನ್ನನ್ನು ಬಿಲ್ಲಿನ ಹಾಗೆ ಬಗ್ಗಿಸಿದಳು. ಕಾಲೆರಡೂ ಕೋಲಿನಂತೆ ಸೆಟೆದುಕೊಂಡವು. ಒಂದು ಕೈಯಲ್ಲಿ ಬೆಲ್ಟು ಹಿಡಿದು, ಇನ್ನೊಂದು ಕೈಯಿಂದ ಅವಳ ಹೊಟ್ಟೆ ಒತ್ತಿ ಕೂರಿಸಲು ಹೆಣಗಿದೆ. ಅವಳು ಬೆಲ್ಟಿನ ಅಡಿಯಿಂದ ನುಣುಚಿಕೊಂಡು ಅರ್ಧ ಕೆಳಗೆ ಜಾರಿದಳು, ಒಂದು ಶೂ ಕಳಚಿ ಬಿತ್ತು. ಕೊನೆಗೆ ಸೋತು ನೆಲಕ್ಕೆ ಬಿಟ್ಟೆ. ಅಳು ತಟ್ಟನೆ ನಿಂತಿತು. ಅವಳು ಓಡಿಹೋಗಲಿಲ್ಲ. ಗಾಡಿಗೆ ಒಂದು ಸುತ್ತು ಹಾಕಿ, ಹಿಂದಿನ ಚಕ್ರದ ಹತ್ತಿರ ಕುಕ್ಕರಗಾಲಲ್ಲಿ ಕೂತು ಅದನ್ನು ಅಂಗೈಯಿಂದ ಸವರಿದಳು. ಆಮೇಲೆ ಎದ್ದು, ಕೈಗೆ ಎಟುಕಿದ ಕಂಬಿ ಹಿಡಿದು ಗಾಡಿಯನ್ನು ತಳ್ಳಲು ನೋಡಿದಳು.

ಅವಳಿಗೆ ಸ್ಟ್ರಾಲರ್ ಮೇಲೆ ಸಿಟ್ಟೇ ಇರಲಿಲ್ಲ. ಆಗಷ್ಟೇ ಸಿಕ್ಕಿದ್ದ ನಡಿಗೆಯನ್ನು ನಾನು ಕಿತ್ತುಕೊಳ್ಳುತ್ತಿದ್ದೇನೆ ಎನ್ನುವುದೇ ಅವಳ ತಕರಾರು. ಇದು ತಿಳಿದ ಮೇಲೆ ನಾವು ಮನೆಯಲ್ಲಿ ಮಾಡಿಕೊಂಡ ಬದಲಾವಣೆಗಳೆಲ್ಲ ಒಂದೇ ಮಾತಿನ ಸುತ್ತ ಇದ್ದವು: ಕೂತರೆ ಮತ್ತೆ ಇಳಿಯಲು ಸಿಗುತ್ತದೆ ಎಂಬ ನಂಬಿಕೆ ಮಗುವಿಗೆ ಬರಬೇಕು. ಅದನ್ನು ಹೇಗೆ ಬರಿಸುವುದು ಎಂಬುದನ್ನು ನಾವು ಮಾಡಿದ ಕ್ರಮದಲ್ಲೇ ಇಲ್ಲಿ ಬರೆದಿದ್ದೇನೆ.

ಈ ವಯಸ್ಸಿಗೇ ಯಾಕೆ

ಮಕ್ಕಳು ಸಾಮಾನ್ಯವಾಗಿ ಒಂದು ವರ್ಷದ ಆಸುಪಾಸಿನಲ್ಲಿ ನಡೆಯಲು ಶುರು ಮಾಡುತ್ತವೆ. ಕೆಲವು ಒಂಬತ್ತು ತಿಂಗಳಿಗೇ ಹೆಜ್ಜೆ ಇಟ್ಟರೆ ಇನ್ನು ಕೆಲವು ಹದಿನೆಂಟು ತಿಂಗಳವರೆಗೂ ಸಮಯ ತೆಗೆದುಕೊಳ್ಳುತ್ತವೆ. ಸ್ಟ್ರಾಲರ್ ಜಗಳ ಹೆಚ್ಚಾಗಿ ನಡಿಗೆಯ ಬೆನ್ನಿಗೇ ಬರುತ್ತದೆ. ನ್ಯೂಯಾರ್ಕ್ ವಿಶ್ವವಿದ್ಯಾಲಯದ ಕ್ಯಾರೆನ್ ಅಡಾಲ್ಫ್ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, 12ರಿಂದ 19 ತಿಂಗಳ ಮಕ್ಕಳು ತಮ್ಮ ಪಾಡಿಗೆ ಆಡಿಕೊಂಡಿದ್ದಾಗ ಗಂಟೆಗೆ ಸರಾಸರಿ 2,368 ಹೆಜ್ಜೆ ಇಟ್ಟಿದ್ದವು, 17 ಸಲ ಬಿದ್ದಿದ್ದವು. ಬಿದ್ದು ಎದ್ದು ಗಂಟೆಗೆ ಎರಡು ಸಾವಿರ ಹೆಜ್ಜೆ ಹಾಕುವ ಜೀವವನ್ನು ಬೆಲ್ಟಿನಲ್ಲಿ ಕಟ್ಟಿ ಕೂರಿಸಲು ಹೊರಟಿದ್ದೇವೆ ಎಂದುಕೊಂಡು ನೋಡಿ, ಅದರ ಅಳು ಬೇರೆ ಥರ ಕೇಳಿಸುತ್ತದೆ.

ಇದೇ ವಯಸ್ಸಿನಲ್ಲಿ "ನಾನೇ" ಮತ್ತು "ಬೇಡ" ಎಂಬ ಎರಡು ಪದ ಬಾಯಿಗೆ ಬರುತ್ತವೆ. ಬಾಯಿಗೆ ಬರುವ ಮುಂಚೆ ಮೈಗೆ ಬಂದಿರುತ್ತವೆ. ಸೆಟೆದುಕೊಳ್ಳುವುದು ಮಾತು ಬಾರದ ಮಗುವಿನ "ಬೇಡ". ಬೇಕೆಂದೇ ನಿಮ್ಮನ್ನು ಗೋಳು ಹೊಯ್ದುಕೊಳ್ಳುವ ಲೆಕ್ಕಾಚಾರ ಆ ವಯಸ್ಸಿಗೆ ಇರುವುದಿಲ್ಲ.

ಮಗುವಿನ ತಕರಾರಿನಲ್ಲಿ ನ್ಯಾಯವೂ ಇದೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಐದು ವರ್ಷದೊಳಗಿನ ಮಕ್ಕಳಿಗಾಗಿ ಹೊರಡಿಸಿದ ಮಾರ್ಗಸೂಚಿಯಲ್ಲಿ, ಸ್ಟ್ರಾಲರ್ ಅಥವಾ ಎತ್ತರದ ಕುರ್ಚಿಯಂಥದ್ದರಲ್ಲಿ ಮಗುವನ್ನು ಒಂದೇ ಸಮನೆ ಒಂದು ಗಂಟೆಗಿಂತ ಹೆಚ್ಚು ಹೊತ್ತು ಕಟ್ಟಿ ಕೂರಿಸಬಾರದು ಎಂದಿದೆ. ಒಂದು ವರ್ಷ ದಾಟಿದ ಮಗು ದಿನಕ್ಕೆ ಕನಿಷ್ಠ 180 ನಿಮಿಷ ಓಡಾಡಿಕೊಂಡು, ಮೈ ಕೈ ಆಡಿಸಿಕೊಂಡು ಇರಬೇಕು ಎಂದೂ ಅದೇ ಹೇಳುತ್ತದೆ. ಒಂದು ಗಂಟೆ ಎಂಬುದು ಮೇಲಿನ ಮಿತಿ. ನಡಿಗೆ ಕಲಿತ ಹೊಸದರಲ್ಲಿ ಹದಿನೈದು ನಿಮಿಷ ಕೂತರೂ ಅದು ದೊಡ್ಡದೆಂದೇ ತಿಳಿಯಿರಿ.

ಮೊದಲು ಸೀಟನ್ನು ಮುಟ್ಟಿ ನೋಡಿ

ಹಟ ಎಂದು ತೀರ್ಮಾನಿಸುವ ಮುಂಚೆ ನೋವು ಏನಾದರೂ ಇದೆಯೇ ನೋಡಿ. ಖಾಲಿ ಸೀಟಿನಲ್ಲಿ ನಿಮ್ಮ ಕೈ ಆಡಿಸಿ. ಬೆಲ್ಟು ತಿರುಚಿಕೊಂಡಿರಬಹುದು, ಬಟ್ಟೆಯ ಅಡಿಯಲ್ಲಿ ಗಟ್ಟಿ ಹೊಲಿಗೆ ಇರಬಹುದು, ಹಿಂದಿನ ಸಲ ತಿಂದದ್ದರ ಚೂರು ಒಣಗಿ ಚುಚ್ಚುತ್ತಿರಬಹುದು. ಬಿಸಿಲಲ್ಲಿ ನಿಲ್ಲಿಸಿದ್ದ ಗಾಡಿಯಾದರೆ ಬಕಲ್ಲು ಸುಡುವಷ್ಟು ಕಾದಿರುತ್ತದೆ. ಒಂದು ಸಲ ತೊಡೆಗೆ ಬಿಸಿ ತಾಗಿದರೆ ಮಗು ಅದನ್ನು ಮರೆಯುವುದಿಲ್ಲ.

ಭುಜದ ಬೆಲ್ಟುಗಳ ಎತ್ತರ ತುಂಬಾ ಜನ ಗಮನಿಸದ ವಿಷಯ. ಆರು ತಿಂಗಳಿದ್ದಾಗ ಹೊಂದಿಸಿದ್ದೇ ಹಾಗೇ ಉಳಿದಿರುತ್ತದೆ. ಮಗು ಬೆಳೆದು ಬೆಲ್ಟು ಭುಜಕ್ಕಿಂತ ಕೆಳಗಿನ ತೂತಿನಿಂದ ಬರುತ್ತಿದ್ದರೆ ಅದು ಹೆಗಲನ್ನು ಕೆಳಕ್ಕೆ ಜಗ್ಗುತ್ತಿರುತ್ತದೆ. ನಿಮ್ಮ ಗಾಡಿಯ ಕೈಪಿಡಿ ನೋಡಿ ಭುಜದ ಮಟ್ಟಕ್ಕೆ ಬರುವ ತೂತಿಗೆ ಬದಲಾಯಿಸಿ. ಬೆಲ್ಟು ಹಾಕಿದ ಮೇಲೆ ಎದೆಗೂ ಬೆಲ್ಟಿಗೂ ನಡುವೆ ಒಂದು ಬೆರಳು ಹೋಗುವಷ್ಟು ಜಾಗ ಇದ್ದರೆ ಸರಿ.

ಇನ್ನು ಡೈಪರ್ ಒದ್ದೆ, ದಪ್ಪ ಜಾಕೆಟ್ಟಿನಿಂದ ಸೆಕೆ, ಕಣ್ಣಿಗೆ ಹೊಡೆಯುವ ಬಿಸಿಲು, ಹಸಿವು, ನಿದ್ದೆ. ಇವು ಎಲ್ಲರಿಗೂ ಗೊತ್ತಿರುವವೇ, ಆದರೂ ಹೊರಡುವ ಗಡಿಬಿಡಿಯಲ್ಲಿ ತಪ್ಪಿಹೋಗುತ್ತವೆ. ಬಿಸಿಲಿಗೆಂದು ಗಾಡಿಯ ಮೇಲೆ ಬಟ್ಟೆ ಹೊದಿಸಿ ಮುಚ್ಚಬೇಡಿ. ತೆಳು ಬಟ್ಟೆಯಾದರೂ ಒಳಗೆ ಗಾಳಿಯಾಡದೆ ಬೇಗ ಕಾವೇರುತ್ತದೆ, ಒಳಗಿರುವ ಮಗು ನಿಮಗೆ ಕಾಣಿಸುವುದೂ ಇಲ್ಲ. ಗಾಡಿಯದ್ದೇ ಮೇಲ್ಛಾವಣಿ ಎಳೆದುಕೊಂಡು, ನೆರಳಿರುವ ಕಡೆ ನಡೆಯಿರಿ.

ಸೀಟು ತೀರಾ ಹಿಂದಕ್ಕೆ ಒರಗಿದ್ದರೂ ಕೆಲವು ಮಕ್ಕಳು ಅಳುತ್ತವೆ. ಹಾಗೆ ಮಲಗಿದಂತೆ ಕೂತರೆ ಆಕಾಶ ಬಿಟ್ಟು ಏನೂ ಕಾಣುವುದಿಲ್ಲ. ನೆಟ್ಟಗೆ ಮಾಡಿ ನೋಡಿ. ಒಂದೆರಡು ಮಕ್ಕಳ ವಿಷಯದಲ್ಲಿ ಇಷ್ಟರಿಂದಲೇ ಜಗಳ ಮುಗಿದದ್ದನ್ನು ನಾನು ಕಂಡಿದ್ದೇನೆ.

ಹೊರಡುವ ಮುಂಚೆ ಕಾಲಿನ ಪಾಲು ಕೊಡಿ

ಬೆಳಗ್ಗೆ ಎದ್ದ ಮಗುವಿಗೆ ಹಾಲು ಕುಡಿಸಿ, ಬಟ್ಟೆ ಹಾಕಿ, ನೇರ ಗಾಡಿಗೆ ಕೂರಿಸುವುದು ನಮಗೆ ಅನುಕೂಲ. ಮಗುವಿನ ಕಾಲು ಆಗಿನ್ನೂ ಎಚ್ಚರಗೊಂಡಿರುತ್ತದೆ. ಹೊರಡುವ ಮುಂಚೆ ಇಪ್ಪತ್ತು ನಿಮಿಷ ಅದನ್ನು ಓಡಾಡಲು ಬಿಡಿ. ಮೆಟ್ಟಿಲು ಹತ್ತಿಸಿ, ಚೆಂಡು ಉರುಳಿಸಿ, ಕೋಣೆಯಿಂದ ಕೋಣೆಗೆ ಅಟ್ಟಿಸಿಕೊಂಡು ಹೋಗಿ. ಆಮೇಲೆ ಕೂರುವುದು ಅದಕ್ಕೂ ಹಿತ. ಆದರೆ ಸುಸ್ತಾಗಿ ರಚ್ಚೆ ಹಿಡಿಯುವಷ್ಟು ಓಡಿಸಬೇಡಿ; ನಿದ್ದೆಯ ಹೊತ್ತು ಮೀರಿದ ಮಗುವನ್ನು ಕೂರಿಸುವುದು ಇನ್ನೂ ಕಷ್ಟ.

ಹೊರಡುವ ತಯಾರಿಯನ್ನೂ ಹತ್ತು ನಿಮಿಷ ಬೇಗ ಶುರು ಮಾಡಿ. ನಮ್ಮ ಮನೆಯ ಬಹುಪಾಲು ಜಗಳ ನಡೆದದ್ದು ತಡವಾದ ದಿನಗಳಲ್ಲೇ. ನಮ್ಮ ಕೈಯ ಅವಸರ ಮಗುವಿನ ಮೈಗೆ ಗೊತ್ತಾಗುತ್ತದೆ.

ಎಲ್ಲಿಗೂ ಹೋಗದೆ ಅಭ್ಯಾಸ

ಗಾಡಿ ಎಂದರೆ ಅಳು ಎಂಬಷ್ಟಕ್ಕೆ ಹೋಗಿದ್ದರೆ ಒಂದು ವಾರ ಇದಕ್ಕೆಂದೇ ಇಡಿ. ತೊಳೆದು ಒರೆಸಿದ ಗಾಡಿಯನ್ನು ಮನೆಯೊಳಗೆ ತಂದು, ಬ್ರೇಕ್ ಹಾಕಿ, ಮಗು ಆಡುವ ಕಡೆ ನಿಲ್ಲಿಸಿ. ಏನೂ ಹೇಳಬೇಡಿ. ಮೊದಲ ದಿನ ಅದು ಚಕ್ರ ಮುಟ್ಟುತ್ತದೆ, ಸೀಟಿನ ಮೇಲೆ ಪುಸ್ತಕ ಇಡುತ್ತದೆ. ಎರಡನೆಯ ದಿನ ಗೊಂಬೆಯನ್ನೋ ಕರಡಿಯನ್ನೋ ಕೂರಿಸಿ. ಬೆಲ್ಟು ಹಾಕುವ ಕೆಲಸ ಮಗುವಿಗೆ ಬಿಡಿ, ಬಕಲ್ಲು ಒತ್ತಲು ಆಗದಿದ್ದರೆ ನೀವು ಬೆರಳು ಕೊಡಿ. "ಕರಡಿಗೆ ಟಕ್ ಮಾಡೋಣ" ಎಂದು ಬಕಲ್ಲಿನ ಸದ್ದಿಗೊಂದು ಹೆಸರಿಟ್ಟರೆ ಮುಂದೆ ಅದು ಕೆಲಸಕ್ಕೆ ಬರುತ್ತದೆ. ಕರಡಿಯನ್ನು ಹಾಲ್‌ನ ಆ ಗೋಡೆಯವರೆಗೆ ತಳ್ಳಿಸಿ. ಗೋಡೆ ಬಂದಾಗ ಕರಡಿ ಇಳಿಯಲೇಬೇಕು. ಮಗು ನೋಡಿ ಕಲಿಯಬೇಕಾದದ್ದೇ ಅದು: ಹತ್ತಿದವರು ಇಳಿಯುತ್ತಾರೆ.

ಮೂರನೆಯ ದಿನದ ಹೊತ್ತಿಗೆ ಹೆಚ್ಚಿನ ಮಕ್ಕಳು ತಾವೇ ಹತ್ತಲು ನೋಡುತ್ತವೆ. ಹತ್ತಿದರೆ ಬೆಲ್ಟಿಲ್ಲದೆ, ನಿಮ್ಮ ಕೈ ಅದರ ಮೈಮೇಲೆ ಇಟ್ಟುಕೊಂಡು, ಒಂದು ನಿಮಿಷ. ಅಳು ಬರುವ ಮುಂಚೆಯೇ ಇಳಿಸಿಬಿಡಿ. ಆಮೇಲೆ ಬೆಲ್ಟು ಹಾಕಿ ಒಂದು ನಿಮಿಷ, ಹಾಕಿ ತಳ್ಳಿ ಎರಡು ನಿಮಿಷ, ಬಾಗಿಲು ದಾಟಿ ಐದು ನಿಮಿಷ. ಪ್ರತಿ ಸಲವೂ ಮಗು ಚೆನ್ನಾಗಿರುವಾಗಲೇ ಮುಗಿಸಬೇಕು. "ಚೆನ್ನಾಗಿ ಕೂತಿದೆಯಲ್ಲ, ಇನ್ನೊಂದು ಸುತ್ತು" ಎಂಬ ಆಸೆ ನಮಗೆ ಬರುತ್ತದೆ. ಹಾಗೆ ಎಳೆದ ದಿನ ಕೊನೆ ಅಳುವಿನಲ್ಲಾಗುತ್ತದೆ, ಮಾರನೆಯ ದಿನ ಮತ್ತೆ ಮೊದಲಿಂದ.

ಕೂರಿಸುವ ಕೈಚಳಕ

ಇದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಯಾಕೆಂದರೆ ಮಗು ಸೆಟೆಯುವುದು ಈ ಅರ್ಧ ನಿಮಿಷದಲ್ಲಿ.

ಮಗುವನ್ನು ಎತ್ತಿಕೊಳ್ಳುವ ಮುಂಚೆಯೇ ಬ್ರೇಕ್ ಹಾಕಿ. ಬೆಲ್ಟುಗಳನ್ನು ಪೂರ್ತಿ ಬಿಚ್ಚಿ, ಸಡಿಲ ಮಾಡಿ, ಸೀಟಿನ ಎರಡೂ ಪಕ್ಕಕ್ಕೆ ಹರಡಿಡಿ. ಮಗುವನ್ನು ಒಂದು ಕೈಯಲ್ಲಿ ಒತ್ತಿ ಹಿಡಿದು ಇನ್ನೊಂದು ಕೈಯಲ್ಲಿ ಅದರ ಅಡಿಯಿಂದ ಬೆಲ್ಟು ಹುಡುಕುವುದೇ ಅರ್ಧ ಜಗಳಕ್ಕೆ ಕಾರಣ.

ನಿಂತ ಭಂಗಿಯಲ್ಲಿ ನೇರ ಮೇಲಿಂದ ಇಳಿಸಿದರೆ ಕಾಲು ಸೆಟೆಯಲು ಬಲು ಸುಲಭ. ಅದರ ಬದಲು ಒಂದು ತೋಳು ಬೆನ್ನ ಹಿಂದೆ, ಇನ್ನೊಂದು ಮಂಡಿಗಳ ಕೆಳಗೆ ಹಾಕಿ, ಮಂಡಿ ಎದೆಯ ಕಡೆಗೆ ಮಡಚುವಂತೆ ತೊಟ್ಟಿಲಾಕಾರದಲ್ಲಿ ಎತ್ತಿಕೊಳ್ಳಿ. ಸೊಂಟದ ಹಿಂಭಾಗ ಸೀಟಿನ ಮೂಲೆಗೆ ತಾಗುವಂತೆ ಇಳಿಸಿ. ಸೊಂಟ ಮೂಲೆ ಸೇರಿದರೆ ಮೈ ತಾನಾಗಿ ಕೂತ ಭಂಗಿಗೆ ಬರುತ್ತದೆ. ಮೊದಲು ಕಾಲ್ನಡುವಿನ ಬೆಲ್ಟು ಮತ್ತು ಸೊಂಟದ್ದು, ಆಮೇಲೆ ಭುಜದ್ದು, ಕೊನೆಗೆ ಬಿಗಿ ಮಾಡುವುದು. ಭುಜ ಎರಡು, ಸೊಂಟ ಎರಡು, ಕಾಲ್ನಡುವೆ ಒಂದು, ಹೀಗೆ ಐದೂ ಕಡೆ ಹಿಡಿಯುವ ಬೆಲ್ಟಾದರೆ ಮಗು ಅಡಿಯಿಂದ ಜಾರುವುದಿಲ್ಲ. ನನ್ನ ಮಗಳು ಅಂದು ಜಾರಿದ್ದು ನಾನು ಸೊಂಟಕ್ಕೆ ಹಾಕದೆ ಭುಜದ ಬೆಲ್ಟು ಎಳೆಯುತ್ತಿದ್ದುದರಿಂದ.

ಸೆಟೆದೇಬಿಟ್ಟರೆ? ಹೊಟ್ಟೆಯ ಮೇಲೆ, ಎದೆಯ ಮೇಲೆ ಒತ್ತಬೇಡಿ. ಮೈಗೆ ನೋವಾಗುತ್ತದೆ, ನೀವು ಒತ್ತಿದಷ್ಟೂ ಅದು ಎದುರು ಒತ್ತುತ್ತದೆ. ಕೈ ಸಡಿಲ ಬಿಟ್ಟು, ಬೀಳದಂತೆ ಮಾತ್ರ ಹಿಡಿದು, ಎರಡು ಉಸಿರು ಕಾಯಿರಿ. ಬಿಲ್ಲಿನ ಹಾಗೆ ಬಾಗಿದ ಮೈ ಹಾಗೇ ತುಂಬಾ ಹೊತ್ತು ಇರಲಾರದು. ಸ್ವಲ್ಪ ಸಡಿಲವಾದ ಕೂಡಲೇ, "ನಿನ್ನ ಶೂ ಎಲ್ಲಿ? ಹೆಬ್ಬೆರಳು ಎಲ್ಲಿ ಬಚ್ಚಿಟ್ಟುಕೊಂಡಿದೆ?" ಎಂದು ಕೇಳಿ. ಮಗು ಕಾಲು ನೋಡಲು ಮುಂದಕ್ಕೆ ಬಾಗುತ್ತದೆ. ಮುಂದಕ್ಕೆ ಬಾಗಿದ ಮೈ ಸೆಟೆಯಲಾರದು. ಶೂ ಮುಟ್ಟುವ ಆ ಎರಡು ಕ್ಷಣದಲ್ಲಿ ಸೊಂಟದ ಬೆಲ್ಟು ಟಕ್ ಎಂದಿರಬೇಕು. ನನಗೆ ಅತಿ ಹೆಚ್ಚು ಸಲ ಕೈಹಿಡಿದ ಉಪಾಯ ಇದು.

ಸಾಧ್ಯವಿದ್ದಾಗಲೆಲ್ಲ ಮಗುವೇ ಹತ್ತಲಿ. ಗಾಡಿ ಮುಂದಕ್ಕೆ ವಾಲದಂತೆ ಒಂದು ಕೈಯಿಂದ ಹಿಡಿಕೆ ಹಿಡಿದು, ಇನ್ನೊಂದರಿಂದ ಬೆನ್ನಿಗೆ ಆಸರೆ ಕೊಡಿ. ಹತ್ತಲು ಎರಡು ನಿಮಿಷ ಹಿಡಿಯುತ್ತದೆ. ಎತ್ತಿ ಕೂರಿಸಿ ಹತ್ತು ನಿಮಿಷ ಅಳಿಸುವುದಕ್ಕಿಂತ ಆ ಎರಡು ನಿಮಿಷ ಮೇಲು.

ಹೇಳುವ ಮಾತು

"ಗಾಡಿಲಿ ಕೂರ್ತೀಯಾ?" ಎಂದು ಕೇಳಬೇಡಿ. ಕೇಳಿದರೆ "ಬೇಡ" ಎನ್ನುವ ಹಕ್ಕು ಅದಕ್ಕೆ ಕೊಟ್ಟಂತೆ, ಆಮೇಲೆ ಎತ್ತಿ ಕೂರಿಸಿದರೆ ಮೋಸ ಮಾಡಿದಂತೆ. ಕೂರುವುದು ಖಚಿತವಾದರೆ ಅದನ್ನು ಹಾಗೇ ಹೇಳಿ, ಆಯ್ಕೆಯನ್ನು ಬೇರೆ ಕಡೆ ಕೊಡಿ. "ಈಗ ಗಾಡಿ ಹತ್ತೋಣ. ನೀನೇ ಹತ್ತುತ್ತೀಯಾ, ನಾನು ಎತ್ತಲಾ?" "ಮೊದಲು ಯಾವ ಕೈ, ಈ ಕೈಯಾ ಆ ಕೈಯಾ?" "ಕರಡಿ ಬರಲಾ, ಪುಸ್ತಕ ಬರಲಾ?" ಎರಡೇ ಆಯ್ಕೆ ಸಾಕು. ಎರಡಕ್ಕೂ ಉತ್ತರ ಬಾರದಿದ್ದರೆ ಐದು ಎಣಿಸಿ, "ಸರಿ, ನಾನು ಎತ್ತುತ್ತೇನೆ" ಎಂದು ಮೆತ್ತಗೆ ಎತ್ತಿ.

ಅಳುವಾಗ "ಏನೂ ಆಗಿಲ್ಲ ಸುಮ್ನಿರು" ಎನ್ನುವುದಕ್ಕಿಂತ ಆಗಿರುವುದನ್ನೇ ಹೇಳಿ. "ನಿಂಗೆ ನಡೀಬೇಕಿತ್ತು. ನಾನು ಕೂರಿಸಿಬಿಟ್ಟೆ. ಸಿಟ್ಟು ಬಂತು ಅಲ್ವಾ ಕಂದಾ." ಮಾತು ಬಾರದ ಮಗುವಿಗೂ ದನಿ ತಿಳಿಯುತ್ತದೆ. ಇದರಿಂದ ಅಳು ಕೂಡಲೇ ನಿಲ್ಲುತ್ತದೆ ಎಂದು ನಾನು ಹೇಳುವುದಿಲ್ಲ. ನಿಮ್ಮ ದನಿ ಮಾತ್ರ ತಗ್ಗುತ್ತದೆ, ಅದೂ ದೊಡ್ಡ ಸಹಾಯವೇ.

ಗಾಡಿಯನ್ನು ಬೆದರಿಕೆಗೆ ಬಳಸಬೇಡಿ. "ಓಡಿದರೆ ಗಾಡಿಗೆ ಕಟ್ಟಿಹಾಕ್ತೀನಿ" ಎಂದು ಒಮ್ಮೆ ಹೇಳಿದರೂ ಅದು ಶಿಕ್ಷೆಯ ಜಾಗವಾಗಿಬಿಡುತ್ತದೆ. ಒಂದು ವಾರ ಕರಡಿ ಕೂರಿಸಿ ಆಡಿದ ಆಟವೆಲ್ಲ ಅಲ್ಲಿಗೆ ಮುಗಿಯಿತು.

ಇಳಿಸುತ್ತೇನೆ ಎಂದರೆ ಇಳಿಸಲೇಬೇಕು

ಉಳಿದದ್ದನ್ನೆಲ್ಲ ನೀವು ಅರ್ಧಂಬರ್ಧ ಮಾಡಿದರೂ ಇದೊಂದನ್ನು ಪೂರ್ತಿ ಮಾಡಿ.

ಈ ವಯಸ್ಸಿನ ಮಗುವಿಗೆ "ಐದು ನಿಮಿಷ" ಎಂದರೆ ಏನೂ ಅಲ್ಲ. ಕಣ್ಣಿಗೆ ಕಾಣುವುದನ್ನು ಹೇಳಿ. "ಆ ನೀಲಿ ಗೇಟು ಕಾಣ್ತಿದೆಯಾ? ಅಲ್ಲಿವರೆಗೆ ಗಾಡಿ. ಅಲ್ಲಿ ಇಳಿದು ನಡಿಗೆ." ಮೊದಲ ದಿನಗಳಲ್ಲಿ ಗೇಟು ತೀರಾ ಹತ್ತಿರ ಇರಲಿ, ಐವತ್ತು ಹೆಜ್ಜೆ ಸಾಕು. ಹೋಗುತ್ತಾ "ಗೇಟು ಹತ್ತಿರ ಬಂತು, ಹತ್ತಿರ ಬಂತು" ಎನ್ನುತ್ತಿರಿ. ಗೇಟು ಬಂದಾಗ ನಿಲ್ಲಿಸಿ, ಬ್ರೇಕ್ ಹಾಕಿ, "ಬಂತು ನೀಲಿ ಗೇಟು!" ಎಂದು ಬೆಲ್ಟು ಬಿಚ್ಚಿ.

ಇಲ್ಲೇ ಬಹಳಷ್ಟು ಜನ ತಪ್ಪುತ್ತಾರೆ. ಗೇಟು ಬರುವ ಹೊತ್ತಿಗೆ ಮಗು ಯಾವುದೋ ನಾಯಿ ನೋಡುತ್ತಾ ಮೈಮರೆತು ಹಾಯಾಗಿ ಕೂತಿರುತ್ತದೆ. "ಮರೆತಿದೆ, ಸದ್ಯ, ಹೀಗೇ ಮುಂದೆ ಹೋಗಿಬಿಡೋಣ" ಎನಿಸುತ್ತದೆ. ಹೋಗಬೇಡಿ. ನಿಲ್ಲಿಸಿ, "ಗೇಟು ಬಂತು, ಇಳೀತೀಯಾ, ಇನ್ನೂ ಸ್ವಲ್ಪ ಕೂರ್ತೀಯಾ?" ಎಂದು ಕೇಳಿ. ಮರೆತಿದ್ದ ಮಾತನ್ನು ನೀವಾಗಿ ನೆನಪಿಸಿದ ಆ ಸಲವೇ ಮಗುವಿನ ನಂಬಿಕೆ ಗಟ್ಟಿಯಾಗುವುದು. ನನ್ನ ಮಗಳು ಎರಡನೆಯ ವಾರದ ಹೊತ್ತಿಗೆ ಗೇಟಿನ ಹತ್ತಿರ ಕೇಳಿದರೆ ತಲೆ ಅಲ್ಲಾಡಿಸಿ ಮುಂದಿನ ಮರದ ಕಡೆ ಬೆರಳು ತೋರಿಸತೊಡಗಿದಳು. ಎಲ್ಲಿ ಇಳಿಯುವುದು ಎಂಬ ತೀರ್ಮಾನ ಅವಳ ಕೈಗೆ ಬಂದಿತ್ತು, ಕೂರುವುದಕ್ಕೆ ತಕರಾರು ಉಳಿದಿರಲಿಲ್ಲ.

ಮತ್ತೆ ಹತ್ತಿಸುವುದು ಇಳಿಸುವುದಕ್ಕಿಂತ ಕಷ್ಟ. ಅದಕ್ಕೇ ಹತ್ತುವ ಜಾಗವನ್ನು ಇಳಿಸುವ ಮುಂಚೆಯೇ ಹೇಳಬೇಕು: "ಇಲ್ಲಿಂದ ಆ ಬೆಂಚಿನವರೆಗೆ ನಡಿಗೆ. ಬೆಂಚಿನ ಹತ್ತಿರ ಮತ್ತೆ ಗಾಡಿ." ನಡೆಯುವಾಗ ಒಂದೆರಡು ಸಲ ನೆನಪಿಸಿ. ಬೆಂಚು ಬಂದಾಗ ಅತ್ತರೂ ಹತ್ತಿಸಿ, ಮುಂದಿನ ಇಳಿಯುವ ಜಾಗವನ್ನು ಕೂಡಲೇ ತೋರಿಸಿ. ಇಳಿಯುವ ಮಾತಿನಲ್ಲಿ ನೀವು ಖಡಾಖಂಡಿತವಾಗಿದ್ದರೆ ಹತ್ತುವ ಮಾತಿನಲ್ಲೂ ಹಾಗಿರಲು ನಿಮಗೆ ಹಕ್ಕು ಬರುತ್ತದೆ.

ಮಗುವನ್ನು ನೋಡಿಕೊಳ್ಳುವ ಉಳಿದವರಿಗೂ, ಅಜ್ಜಿಯಾಗಲಿ ಅಪ್ಪನಾಗಲಿ, ಇದೇ ಪದಗಳನ್ನು ಹೇಳಿಕೊಡಿ. ಒಬ್ಬರ ಬಳಿ ಗೇಟಿಗೆ ಇಳಿಸುವುದು, ಇನ್ನೊಬ್ಬರ ಬಳಿ ಕಿರುಚಿದಾಗ ಇಳಿಸುವುದು ಎಂದಾದರೆ ಮಗು ಕಿರುಚುವುದನ್ನೇ ಆರಿಸಿಕೊಳ್ಳುತ್ತದೆ.

ದಾರಿಯಲ್ಲಿ

ಕೈಗೆ ಏನಾದರೂ ಕೆಲಸ ಕೊಡಿ. ಮನೆಯ ಬಟ್ಟೆ ಚೀಲವೊಂದನ್ನು ಹಿಡಿದುಕೊಳ್ಳುವುದು, ದಾರಿಯಲ್ಲಿ ಸಿಕ್ಕ ಎಲೆಗಳನ್ನು ಮಡಿಲಲ್ಲಿ ಜೋಪಾನ ಮಾಡುವುದು, ಬಸ್ಸು ಕಂಡಾಗ ಕೂಗುವುದು. ಎರಡು ಮೂರು ಆಟಿಕೆಗಳನ್ನು ಗಾಡಿಗೆಂದೇ ಎತ್ತಿಡಿ, ಮನೆಯಲ್ಲಿ ಅವು ಕಾಣಬಾರದು. ಆಟಿಕೆಯನ್ನು ಗಾಡಿಗೆ ಕಟ್ಟುವುದಾದರೆ ದಾರ ಗಿಡ್ಡ ಇರಲಿ, ಕುತ್ತಿಗೆಗೆ ಸುತ್ತಿಕೊಳ್ಳುವಷ್ಟು ಉದ್ದ ಬೇಡ.

ಮಾತಾಡುತ್ತಾ ಹೋಗಿ. ಸ್ಕಾಟ್ಲೆಂಡಿನ ಡಂಡೀ ವಿಶ್ವವಿದ್ಯಾಲಯದ ಸುಝಾನ್ ಝೀಡಿಕ್ 2008ರಲ್ಲಿ ಮಾಡಿದ ಅಧ್ಯಯನದಲ್ಲಿ, ಮಗುವಿನ ಮುಖ ತಮ್ಮ ಕಡೆ ಇದ್ದಾಗ ದೊಡ್ಡವರು ಅದರೊಂದಿಗೆ ಹೆಚ್ಚು ಮಾತಾಡುವುದು ಕಂಡುಬಂದಿತ್ತು. ನಿಮ್ಮ ಗಾಡಿಯ ಸೀಟು ತಿರುಗಿಸಲು ಬರುತ್ತದೆ ಎಂದಾದರೆ ಎರಡೂ ಕಡೆ ಇಟ್ಟು ನೋಡಿ. ಅಮ್ಮನ ಮುಖ ಕಾಣದೆ ಅಳುವ ಮಕ್ಕಳಿವೆ, ರಸ್ತೆ ಕಾಣದೆ ಅಳುವ ಮಕ್ಕಳೂ ಇವೆ. ತಿರುಗಿಸಲು ಬಾರದಿದ್ದರೆ ಆಗಾಗ ನಿಲ್ಲಿಸಿ, ಮುಂದೆ ಬಂದು, ಕೂತು ಮುಖ ತೋರಿಸಿ ಎರಡು ಮಾತಾಡಿ.

ತಿನ್ನಲು ಕೊಡುವುದಾದರೆ ಗಾಡಿ ನಿಂತಿರಲಿ, ಮಗು ನೆಟ್ಟಗೆ ಕೂತಿರಲಿ, ನಿಮ್ಮ ಕಣ್ಣು ಅದರ ಬಾಯಿಯ ಮೇಲಿರಲಿ. ಇಡೀ ದ್ರಾಕ್ಷಿ, ಗಟ್ಟಿ ಬೀಜಗಳು, ಪಾಪ್‌ಕಾರ್ನ್, ಗಟ್ಟಿ ಮಿಠಾಯಿ ಗಂಟಲಿಗೆ ಸಿಕ್ಕಿಕೊಳ್ಳುವಂಥವು, ನಾಲ್ಕು ವರ್ಷದೊಳಗೆ ಬೇಡವೇ ಬೇಡ. ಹಿಂದೆ ನಿಂತು ತಳ್ಳುವವರಿಗೆ ಮಗುವಿಗೆ ಉಸಿರು ಕಟ್ಟಿದ್ದು ಗೊತ್ತೇ ಆಗುವುದಿಲ್ಲ.

ಫೋನ್ ಕೊಟ್ಟರೆ ಮಗು ಕೂರುತ್ತದೆ, ನಿಜ. ಆದರೆ ಒಂದು ವಾರದಲ್ಲಿ ಫೋನಿಲ್ಲದ ಗಾಡಿ ಅದಕ್ಕೆ ಗಾಡಿಯೇ ಅಲ್ಲ ಎಂದಾಗುತ್ತದೆ. ಒಂದು ವರ್ಷದ ಮಗುವಿಗೆ ಪರದೆಯೇ ಬೇಡ, ಎರಡು ದಾಟಿದ ಮೇಲೆ ದಿನಕ್ಕೆ ಒಂದು ಗಂಟೆ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಅದೇ ಮಾರ್ಗಸೂಚಿ ಹೇಳುತ್ತದೆ. ಗಾಡಿಯ ಹೊತ್ತನ್ನು ಅದರಿಂದ ಹೊರಗಿಡುವುದೇ ಒಳ್ಳೆಯದು.

ನಡುದಾರಿಯಲ್ಲಿ ಕಿರುಚಾಟ ಶುರುವಾದರೆ

ಪಕ್ಕಕ್ಕೆ ಸರಿದು ನಿಲ್ಲಿಸಿ, ಬ್ರೇಕ್ ಹಾಕಿ, ಮಗುವಿನ ಕಣ್ಣಿನ ಮಟ್ಟಕ್ಕೆ ಬಗ್ಗಿ. ಬಿಸಿಲು, ಬೆಲ್ಟು, ಡೈಪರ್, ಸಿಕ್ಕಿಕೊಂಡ ಬೆರಳು, ಇಷ್ಟನ್ನು ನೋಡಿ. ಏನೂ ಇಲ್ಲದಿದ್ದರೆ ಉಳಿದ ದಾರಿ ಎಷ್ಟು ಎಂದು ಯೋಚಿಸಿ.

ಹತ್ತಿರವೇ ಇದ್ದರೆ, ಅಥವಾ ವಾಹನಗಳ ನಡುವೆ ಇದ್ದರೆ, ಅಳುತ್ತಿದ್ದರೂ ಮುಂದೆ ಹೋಗಿ. ಮಾತು ನಿಲ್ಲಿಸಬೇಡಿ: "ಗೊತ್ತು, ಇಳೀಬೇಕು ನಿಂಗೆ. ರಸ್ತೆ ದಾಟಿ ಇಳಿಸ್ತೀನಿ." ದಾಟಿದ ಕೂಡಲೇ ಇಳಿಸಿ. ರಸ್ತೆಯ ನಡುವೆ ಯಾವ ಮಾತುಕತೆಯೂ ಇಲ್ಲ.

ದಾರಿ ಇನ್ನೂ ದೂರ ಇದ್ದು, ಜಾಗ ಸುರಕ್ಷಿತವಾಗಿದ್ದರೆ ಅಳುವಿನ ನಡುವೆ ಒಂದು ಬಿಡುವಿಗೆ ಕಾಯಿರಿ. ಬಿಕ್ಕುತ್ತಾ ಉಸಿರೆಳೆದುಕೊಳ್ಳುವ ಎರಡು ಮೂರು ಸೆಕೆಂಡಿನ ಮೌನ ಇರುತ್ತದಲ್ಲ, ಅಷ್ಟು ಸಾಕು. ಆಗ "ಸುಮ್ಮನಾದೆ, ಬಾ" ಎಂದು ಎತ್ತಿಕೊಳ್ಳಿ. ಎತ್ತಿಕೊಂಡರೆ ಹಟ ಕಲಿಯುತ್ತದೆ ಎಂದು ಹೆದರಿಸುವವರು ಸಿಗುತ್ತಾರೆ. ಹತ್ತು ನಿಮಿಷ ಒಂದೇ ಸಮನೆ ಅಳುವ ಎಳೆಯ ಮಗುವನ್ನು ಹಾಗೇ ತಳ್ಳಿಕೊಂಡು ಹೋಗುವುದರಿಂದ ಅದು ಕಲಿಯುವುದು ಗಾಡಿಯ ಭಯವನ್ನು ಮಾತ್ರ ಎಂಬುದು ನನ್ನ ಖಚಿತ ಅಭಿಪ್ರಾಯ. ತೋಳಿನಲ್ಲಿ ಸಮಾಧಾನವಾದ ಮೇಲೆ ಇನ್ನೊಮ್ಮೆ ಪ್ರಯತ್ನಿಸಿ. ಆಗಲೂ ಆಗದಿದ್ದರೆ ಆ ದಿನಕ್ಕೆ ಸೊಂಟದ ಮೇಲೋ ಉಪ್ಪುಮೂಟೆಯೋ, ಮನೆಗೆ ನಡೆಯಿರಿ.

ದೂರದ ದಾರಿಗೆ ಮಗುವನ್ನು ಮೈಗೆ ಕಟ್ಟಿಕೊಳ್ಳುವ ಕ್ಯಾರಿಯರ್ ಒಂದನ್ನು ಗಾಡಿಯ ಕೆಳಗಿನ ಬುಟ್ಟಿಯಲ್ಲಿ ಇಟ್ಟಿರಿ. ಚೀಲಗಳನ್ನೂ ಆ ಬುಟ್ಟಿಯಲ್ಲೇ ಇಡಿ. ಹಿಡಿಕೆಗೆ ಭಾರದ ಚೀಲ ತೂಗುಹಾಕಿ ಮಗುವನ್ನು ಎತ್ತಿಕೊಂಡರೆ, ಅಥವಾ ಮಗು ಒಳಗೆ ಕೊಸರಾಡಿದರೆ, ಗಾಡಿ ಹಿಂದಕ್ಕೆ ಮಗುಚುತ್ತದೆ.

ಇಳಿದು ನಡೆಯುವಾಗ ಮಗು ವಾಹನಗಳಿಲ್ಲದ ಬದಿಯಲ್ಲಿರಲಿ. ಒಂದು ಕೈ ನಿಮ್ಮ ಕೈಯಲ್ಲಿ, ಇಲ್ಲವೇ ಗಾಡಿಯ ಕಂಬಿಯ ಮೇಲೆ. ಕೈ ಬಿಡಿಸಿಕೊಂಡು ಓಡುವ ಮಗುವಿಗೆ ಮಣಿಕಟ್ಟಿನ ಬೆಲ್ಟು ಹಾಕಲು ಹಿಂಜರಿಯಬೇಡಿ. ನೋಡಿದವರು ಏನೆಂದುಕೊಂಡರೂ ರಸ್ತೆ ದೊಡ್ಡದು.

ಕಾರಿನ ಮಕ್ಕಳ ಸೀಟಿಗೆ ಈ ಹೊಂದಾಣಿಕೆ ಯಾವುದೂ ಇಲ್ಲ. ಕಾರು ಚಲಿಸುತ್ತಿರುವಷ್ಟು ಹೊತ್ತೂ ಅಲ್ಲಿ ಬೆಲ್ಟು ಇರಲೇಬೇಕು. ಬೇಕಾದರೆ ಕಾರು ನಿಲ್ಲಿಸಿ ಮಗುವನ್ನು ಹೊರಗೆ ತೆಗೆಯಿರಿ.

ಬೆಲ್ಟು ತಾನೇ ಬಿಚ್ಚುವ ಮಗು

ಎರಡು ವರ್ಷದ ಹೊತ್ತಿಗೆ ಕೆಲವು ಬೆರಳುಗಳು ಬಕಲ್ಲನ್ನು ಗೆದ್ದುಬಿಡುತ್ತವೆ. ಬೆಲ್ಟು ಬಿಚ್ಚಿದ ಕ್ಷಣ ಗಾಡಿ ನಿಲ್ಲಬೇಕು. ಗದರುವುದು ಬೇಡ. "ಬೆಲ್ಟು ಬಿಚ್ಚಿತು, ಗಾಡಿ ನಿಂತಿತು. ಟಕ್ ಮಾಡಿದರೆ ಹೋಗುತ್ತೆ." ಪ್ರತಿ ಸಲವೂ ಇದೇ ಮಾತು, ಇದೇ ದನಿ. ಹೊರಗಿನ ಪಿನ್ನು, ಹಗ್ಗ, ತಯಾರಕರು ಕೊಡದ ಕ್ಲಿಪ್ಪು ಹಾಕಬೇಡಿ; ಅವಸರದಲ್ಲಿ ಮಗುವನ್ನು ಹೊರತೆಗೆಯಬೇಕಾದಾಗ ಅವೇ ಅಡ್ಡಿಯಾಗುತ್ತವೆ. ಸೀಟಿನ ಮೇಲೆ ಎದ್ದು ನಿಲ್ಲುವ ಮಗುವನ್ನು ಮಾತಾಡುತ್ತಾ ನಿಲ್ಲದೆ ಕೂಡಲೇ ಕೆಳಗಿಳಿಸಿ. ಬೆಲ್ಟು ಹಾಕಿದ್ದರೂ ಮಗುವನ್ನು ಗಾಡಿಯಲ್ಲಿ ಒಂಟಿಯಾಗಿ ಬಿಟ್ಟು ಹೋಗಬೇಡಿ. ಗಾಡಿ ಮಡಚುವಾಗ, ಬಿಚ್ಚುವಾಗ ಮಗು ಕೈಗೆಟುಕದ ದೂರದಲ್ಲಿರಲಿ. ಕೀಲುಗಳ ನಡುವೆ ಬೆರಳು ಸಿಕ್ಕಿಕೊಳ್ಳುವುದು ಆ ಒಂದು ಕ್ಷಣದಲ್ಲೇ.

ವೈದ್ಯರನ್ನು ಕೇಳಬೇಕಾದಾಗ

ಚೆನ್ನಾಗಿ ಕೂರುತ್ತಿದ್ದ ಮಗು ರಾತ್ರೋರಾತ್ರಿ ಕೂರಲು ಒಪ್ಪದೆ, ಡೈಪರ್ ಬದಲಿಸಲು ಕಾಲು ಮಡಚಿದರೂ ಅತ್ತರೆ, ಕುಂಟಿದರೆ, ಒಂದು ಕಾಲಿನ ಮೇಲೆ ಭಾರ ಹಾಕದಿದ್ದರೆ, ಜ್ವರ ಇದ್ದರೆ ಅದು ಹಟದ ವಿಷಯವಲ್ಲ, ಅಂದೇ ಮಕ್ಕಳ ವೈದ್ಯರಿಗೆ ತೋರಿಸಿ. ಹಿಂದಕ್ಕೆ ಒರಗಿಸಿದಾಗ ಮಾತ್ರ ಅತ್ತು ಕಿವಿ ಹಿಡಿದುಕೊಂಡರೆ ಕಿವಿನೋವಿರಬಹುದು. ಮಲಬದ್ಧತೆಯಿಂದ ಹೊಟ್ಟೆ ಬಿಗಿದಿದ್ದರೂ, ಡೈಪರ್ ಜಾಗದಲ್ಲಿ ಚರ್ಮ ಕೆಂಪಾಗಿ ಸುಲಿದಿದ್ದರೂ ಕೂರುವುದು ಯಾತನೆಯೇ. ಗಾಡಿಯ ಬೆಲ್ಟಷ್ಟೇ ಅಲ್ಲದೆ ಬಟ್ಟೆ ಹಾಕುವುದು, ತಲೆ ಬಾಚುವುದು, ಜೋರು ಸದ್ದು, ಎಲ್ಲಕ್ಕೂ ಮಗು ಇದೇ ತೀವ್ರತೆಯಲ್ಲಿ ಕಂಗೆಡುತ್ತಿದ್ದರೆ ಮುಂದಿನ ಭೇಟಿಯಲ್ಲಿ ಅದನ್ನೂ ವೈದ್ಯರ ಗಮನಕ್ಕೆ ತನ್ನಿ. ಯಾವ ಹೊತ್ತಿನಲ್ಲಿ, ಹೇಗೆ ಕೂರಿಸಿದಾಗ ಅಳುತ್ತದೆ ಎಂದು ನಾಲ್ಕು ದಿನ ಬರೆದಿಟ್ಟುಕೊಂಡು ಹೋದರೆ, ಅಥವಾ ಫೋನಿನಲ್ಲಿ ಅರ್ಧ ನಿಮಿಷದ ವಿಡಿಯೋ ಮಾಡಿಕೊಂಡು ಹೋದರೆ, ಅವರಿಗೆ ಕಾರಣ ಹುಡುಕಲು ಸುಲಭವಾಗುತ್ತದೆ.